55.1 ಹೇಗೆ 55.2 ಆಯಿತು: ರೋಮ್ 1960, ನೂರು ಮೀಟರ್ ಫ್ರೀಸ್ಟೈಲ್

ಮೊದಲು ಆರು ಅಂಕಿಗಳನ್ನು ನೋಡಿ. ನಾಲ್ಕನೇ ಲೇನ್‌ನಲ್ಲಿ ಈಜಿದವರಿಗೆ ಮೂವರು ಟೈಮ್‌ಕೀಪರ್‌ಗಳು ಹಿಡಿದ ಸಮಯ 55.0, 55.1, 55.1 ಸೆಕೆಂಡ್. ಪಕ್ಕದ ಮೂರನೇ ಲೇನ್‌ನವರಿಗೆ ಸಿಕ್ಕಿದ್ದು 55.2, 55.2, 55.2. ಗೆದ್ದವರು ಯಾರು ಅಂತ ಐದನೇ ಕ್ಲಾಸಿನ ಹುಡುಗನನ್ನು ಕೇಳಿದರೂ ಥಟ್ಟನೆ ಹೇಳುತ್ತಾನೆ.

ಚಿನ್ನದ ಪದಕ ಹೋಗಿದ್ದು ಮೂರನೇ ಲೇನ್‌ಗೆ.

ಇದು 1960ರ ರೋಮ್ ಒಲಿಂಪಿಕ್ಸ್‌ನ ಪುರುಷರ ನೂರು ಮೀಟರ್ ಫ್ರೀಸ್ಟೈಲ್ ಫೈನಲ್. ಆಗಸ್ಟ್ 27ರಂದು ನಡೆದದ್ದು. ಗೆದ್ದವರು ಆಸ್ಟ್ರೇಲಿಯಾದ ಜಾನ್ ಡೆವಿಟ್, ಎರಡನೆಯವರು ಅಮೆರಿಕದ ಲ್ಯಾನ್ಸ್ ಲಾರ್ಸನ್. ಈ ಪ್ರಕರಣವನ್ನು ಸಾಮಾನ್ಯವಾಗಿ ‘ಟಚ್‌ಪ್ಯಾಡ್ (ಈಜುಗಾರನ ಕೈ ತಾಗಿದರೆ ಗಡಿಯಾರ ನಿಲ್ಲಿಸುವ ಗೋಡೆಯ ಫಲಕ) ಯಾಕೆ ಬಂತು’ ಅನ್ನುವ ಕಥೆಯ ಮುನ್ನುಡಿಯಾಗಿ ಎರಡು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಆದರೆ ಅಲ್ಲಿ ಒಂದಲ್ಲ, ಮೂರು ಬೇರೆ ಬೇರೆ ಎಡವಟ್ಟುಗಳಿವೆ. ಮೊದಲನೆಯದು ಕಣ್ಣಿನದು, ಎರಡನೆಯದು ನಿಯಮದ್ದು, ಮೂರನೆಯದು ಪೆನ್ನಿನದು. ನನ್ನ ಮಟ್ಟಿಗೆ ಮೊದಲನೆಯದನ್ನು ಕ್ಷಮಿಸಬಹುದು. ಎರಡನೆಯದನ್ನು ಅರ್ಥ ಮಾಡಿಕೊಳ್ಳಬಹುದು. ಮೂರನೆಯದು ಮಾತ್ರ ಇವತ್ತಿಗೂ ಗಂಟಲಲ್ಲಿ ಸಿಕ್ಕಿದ ಮುಳ್ಳು.

ಕೊಳಕ್ಕೆ ಇಳಿದವರು

ಡೆವಿಟ್‌ಗೆ ಆಗ 23 ವರ್ಷ, ಸಿಡ್ನಿಯವರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನ ಇದೇ ಸ್ಪರ್ಧೆಯಲ್ಲಿ ಮೂರೂ ಪದಕ ಆಸ್ಟ್ರೇಲಿಯಾದ ಪಾಲಾಗಿತ್ತು. ಅದರಲ್ಲಿ ಚಿನ್ನ ಜಾನ್ ಹೆನ್ರಿಕ್ಸ್‌ಗೆ, ಬೆಳ್ಳಿ ಡೆವಿಟ್‌ಗೆ. ಮರುವರ್ಷ, 1957ರ ಜನವರಿಯಲ್ಲಿ, ಡೆವಿಟ್ 54.6 ಸೆಕೆಂಡ್‌ನ ವಿಶ್ವದಾಖಲೆ ಮಾಡಿದರು. ರೋಮ್‌ಗೆ ಬರುವಾಗಲೂ ಆ ದಾಖಲೆ ಅವರ ಹೆಸರಲ್ಲೇ ಇತ್ತು. ಹಳೆಯ ಚಾಂಪಿಯನ್ ಹೆನ್ರಿಕ್ಸ್ ರೋಮ್‌ನಲ್ಲಿ ಹೊಟ್ಟೆ ಕೆಟ್ಟು ಸುಸ್ತಾಗಿ ಸೆಮಿಫೈನಲ್‌ನಲ್ಲೇ ಹೊರಬಿದ್ದರು.

ಲಾರ್ಸನ್‌ಗೆ 20 ವರ್ಷ, ಕ್ಯಾಲಿಫೋರ್ನಿಯಾದ ಹುಡುಗ. ತಮಾಷೆಯೆಂದರೆ ಫ್ರೀಸ್ಟೈಲ್ ಅವರ ಮೊದಲ ಆಯ್ಕೆಯ ಈಜೇ ಅಲ್ಲ. ನೂರು ಮೀಟರ್ ಬಟರ್‌ಫ್ಲೈಯನ್ನು ಒಂದು ನಿಮಿಷದ ಒಳಗೆ ಮುಗಿಸಿದ ಮೊದಲ ಈಜುಗಾರ ಅವರು. ಆದರೆ ರೋಮ್‌ನಲ್ಲಿ ಪುರುಷರಿಗೆ ನೂರು ಮೀಟರ್ ಬಟರ್‌ಫ್ಲೈ ಸ್ಪರ್ಧೆಯೇ ಇರಲಿಲ್ಲ. ಅದು ಒಲಿಂಪಿಕ್ಸ್‌ಗೆ ಬಂದಿದ್ದು 1968ರಲ್ಲಿ. ಹಾಗಾಗಿ ತಮ್ಮದಲ್ಲದ ಮನೆಯಲ್ಲಿ ಊಟಕ್ಕೆ ಕೂತವರ ಹಾಗೆ ಲಾರ್ಸನ್ ಫ್ರೀಸ್ಟೈಲ್ ಫೈನಲ್‌ನಲ್ಲಿದ್ದರು.

ಇನ್ನೊಬ್ಬರ ಹೆಸರು ಹೇಳದೆ ಮುಂದೆ ಹೋಗುವ ಹಾಗಿಲ್ಲ, ಅವರು ಆ ಫೈನಲ್‌ನಲ್ಲಿ ಇರಲಿಲ್ಲವಾದರೂ. ಅಮೆರಿಕದ ಜೆಫ್ ಫ್ಯಾರೆಲ್ ಆ ವರ್ಷ ಚಿನ್ನ ಗೆಲ್ಲುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದ ಈಜುಗಾರ. ಆಯ್ಕೆ ಸ್ಪರ್ಧೆಗೆ ಆರು ದಿನ ಇರುವಾಗ ಅವರಿಗೆ ಅಪೆಂಡಿಕ್ಸ್ ಆಪರೇಷನ್ ಆಯಿತು. ಬೇಕಾದರೆ ಆಮೇಲೆ ನಿಮಗೊಬ್ಬರಿಗೇ ಬೇರೆ ಅವಕಾಶ ಕೊಡುತ್ತೇವೆ ಅಂತ ಅಧಿಕಾರಿಗಳು ಹೇಳಿದರೂ ಅವರು ಒಪ್ಪಲಿಲ್ಲ. ಹೊಟ್ಟೆಗೆ ಪಟ್ಟಿ ಸುತ್ತಿಕೊಂಡು ಎಲ್ಲರ ಜೊತೆ ನೀರಿಗಿಳಿದರು. ನೂರು ಮೀಟರ್‌ನಲ್ಲಿ ಕೂದಲೆಳೆಯಲ್ಲಿ ಜಾಗ ತಪ್ಪಿತು. ರಿಲೇ ತಂಡದಲ್ಲಿ ಸಿಕ್ಕಿತು.

ಕೊನೆಯ ಕೆಲವು ಮೀಟರ್

ಫೈನಲ್‌ನಲ್ಲಿ ಮೊದಲು ಮುಂದೆ ಹೋದವರು ಬ್ರೆಜಿಲ್‌ನ ಮ್ಯಾನುಯೆಲ್ ಡಾಸ್ ಸ್ಯಾಂಟೋಸ್. ಐವತ್ತು ಮೀಟರ್‌ನ ತಿರುವು ಮೊದಲು ಮುಟ್ಟಿದ್ದು ಅವರೇ. ವಾಪಸ್ ಬರುವಾಗ ಡೆವಿಟ್ ಅವರನ್ನು ದಾಟಿದರು. ಕೊನೆಯ ಹತ್ತಿಪ್ಪತ್ತು ಮೀಟರ್‌ನಲ್ಲಿ ಲಾರ್ಸನ್ ಡೆವಿಟ್‌ರನ್ನು ಹಿಡಿಯುತ್ತಾ ಬಂದರು. ಇಬ್ಬರೂ ಒಟ್ಟಿಗೆ ಗೋಡೆಗೆ ಕೈ ಚಾಚಿದರು.

ಡೆವಿಟ್ ಲೇನ್ ಪಕ್ಕಕ್ಕೆ ತಿರುಗಿ ಲಾರ್ಸನ್‌ಗೆ ಅಭಿನಂದನೆ ಹೇಳಿ, ಬೇಸರದಲ್ಲೇ ಕೊಳದಿಂದ ಮೇಲೆ ಬಂದರು. ಅಂದರೆ ಸೋತೆ ಅಂತ ಅವರಿಗೇ ಅನ್ನಿಸಿತ್ತು. ಇದನ್ನೇ ದೊಡ್ಡ ಸಾಕ್ಷಿ ಅಂತ ಕೆಲವರು ಹಿಡಿದುಕೊಳ್ಳುತ್ತಾರೆ. ನಾನು ಹಿಡಿಯುವುದಿಲ್ಲ. ತಲೆ ನೀರಲ್ಲಿ ಮುಳುಗಿಸಿ, ಉಸಿರು ಕಟ್ಟಿ ಗೋಡೆಗೆ ನುಗ್ಗಿದವರಿಗೆ ಪಕ್ಕದ ಲೇನ್‌ನ ಕೈ ಎಲ್ಲಿತ್ತು ಅಂತ ಗೊತ್ತಾಗುವುದಾದರೂ ಹೇಗೆ? ಈಜುಗಾರರು ಗೆದ್ದೂ ಸೋತೆ ಅಂದುಕೊಂಡದ್ದುಂಟು, ಸೋತೂ ಕೈ ಎತ್ತಿ ಕುಣಿದದ್ದುಂಟು.

ಒಂದೇ ಮುಟ್ಟಿಗೆ ಎರಡು ಪ್ರಶ್ನೆ

ಆಗಿನ ಪದ್ಧತಿ ಸ್ವಲ್ಪ ಬಿಡಿಸಿ ಹೇಳಬೇಕು. ಪ್ರಕರಣದ ಗಂಟು ಇರುವುದೇ ಇಲ್ಲಿ.

ಕೊಳದ ತುದಿಯಲ್ಲಿ ಎರಡು ಗುಂಪಿನ ಜನ ಇರುತ್ತಿದ್ದರು. ಟೈಮ್‌ಕೀಪರ್‌ಗಳು ಒಂದು ಗುಂಪು, ಒಂದೊಂದು ಲೇನ್‌ಗೆ ಮೂವರು. ಅವರು ತಮ್ಮ ಲೇನ್ ಬಿಟ್ಟು ಬೇರೆ ಏನನ್ನೂ ನೋಡುವ ಹಾಗಿಲ್ಲ. ತಮ್ಮ ಈಜುಗಾರ ಗೋಡೆ ಮುಟ್ಟಿದಾಗ ಗುಂಡಿ ಒತ್ತಬೇಕು, ಅಷ್ಟೇ. ಇನ್ನೊಂದು ಗುಂಪು ತೀರ್ಪುಗಾರರದ್ದು. ಇವರಿಗೆ ಗಡಿಯಾರದ ಗೊಡವೆ ಇಲ್ಲ. ಯಾರು ಮೊದಲು ಮುಟ್ಟಿದರು, ಯಾರು ಆಮೇಲೆ ಮುಟ್ಟಿದರು ಅಂತ ಕಣ್ಣಲ್ಲಿ ನೋಡಿ ಹೇಳುವುದು ಇವರ ಕೆಲಸ. ಸ್ಥಾನ ಯಾರದು ಅನ್ನುವುದಕ್ಕೆ ಕಣ್ಣೇ ಮೊದಲು, ಗಡಿಯಾರ ಆಮೇಲೆ.

ತೀರ್ಪುಗಾರರಲ್ಲೂ ಕೆಲಸ ಹಂಚಿತ್ತು. ಮೂವರು ‘ಮೊದಲ ಸ್ಥಾನ ಯಾರದು’ ಅಂತ ಮಾತ್ರ ನೋಡಬೇಕು. ಬೇರೆ ಮೂವರು ‘ಎರಡನೇ ಸ್ಥಾನ ಯಾರದು’ ಅಂತ ಮಾತ್ರ ನೋಡಬೇಕು.

ಆ ದಿನ ಮೊದಲ ಸ್ಥಾನದ ಮೂವರಲ್ಲಿ ಇಬ್ಬರು ಡೆವಿಟ್ ಅಂದರು, ಒಬ್ಬರು ಲಾರ್ಸನ್ ಅಂದರು. ಸರಿ, ಬಹುಮತ ಡೆವಿಟ್‌ಗೆ. ಈಗ ಎರಡನೇ ಸ್ಥಾನದ ಮೂವರನ್ನು ಕೇಳಿ. ಅವರಲ್ಲಿ ಇಬ್ಬರು ‘ಎರಡನೆಯವರು ಡೆವಿಟ್’ ಅಂದರು, ಒಬ್ಬರು ‘ಎರಡನೆಯವರು ಲಾರ್ಸನ್’ ಅಂದರು. ಇಲ್ಲೂ ಬಹುಮತ ಡೆವಿಟ್‌ಗೇ.

ಗಮನಿಸಿದಿರಾ? ಎರಡೂ ಸಮಿತಿಗಳ ಬಹುಮತದ ಪ್ರಕಾರ ಡೆವಿಟ್ ಮೊದಲನೆಯವರೂ ಹೌದು, ಎರಡನೆಯವರೂ ಹೌದು. ಲಾರ್ಸನ್ ಯಾವ ಸ್ಥಾನದಲ್ಲೂ ಇಲ್ಲ! ಆರೂ ಜನರನ್ನು ಒಟ್ಟು ಮಾಡಿದರೆ ಡೆವಿಟ್ ಮುಂದಿದ್ದರು ಅಂದವರು ಮೂವರು, ಲಾರ್ಸನ್ ಮುಂದಿದ್ದರು ಅಂದವರು ಮೂವರು. ಸರಿಸಮ.

ಇದರಲ್ಲಿ ಯಾರೂ ಸುಳ್ಳು ಹೇಳಿರಬೇಕಿಲ್ಲ, ಯಾರಿಗೂ ದುರುದ್ದೇಶ ಇರಬೇಕಿಲ್ಲ. ಫ್ರೀಸ್ಟೈಲ್‌ನಲ್ಲಿ ನೀರ ಮೇಲೆ ಬೀಸಿ ಬರುವ ತೋಳನ್ನು ನಮ್ಮ ಕಣ್ಣು ಹಿಂಬಾಲಿಸುತ್ತದೆ. ಆದರೆ ಗೋಡೆ ಮುಟ್ಟುವ ಕೈ ಎಷ್ಟೋ ಸಲ ಅಷ್ಟರಲ್ಲಿ ನೀರೊಳಗೆ ಹೋಗಿರುತ್ತದೆ. ಮೇಲೆ ನೊರೆ, ಕೆಳಗೆ ಅಲೆ, ನೀರಿನ ಮೇಲೆ ಬೆಳಕಿನ ಆಟ. ಪಕ್ಕದಿಂದ ನೋಡುವವರಿಗೆ ಹತ್ತಿರದ ಲೇನ್‌ನ ನೀರೆರಚು ದೂರದ ಲೇನ್ ಅನ್ನು ಮುಚ್ಚುತ್ತದೆ. ಇಬ್ಬರ ನಡುವೆ ಇದ್ದ ಅಂತರ ಎಷ್ಟು? ಅಲ್ಲಿ ಅನಧಿಕೃತವಾಗಿ ಒಂದು ಎಲೆಕ್ಟ್ರಾನಿಕ್ ಟೈಮರ್ ಕೂಡ ಓಡುತ್ತಿತ್ತು. ಅದು ತೋರಿಸಿದ್ದು ಲಾರ್ಸನ್ 55.10, ಡೆವಿಟ್ 55.16. ನೂರು ಮೀಟರ್‌ಗೆ 55 ಸೆಕೆಂಡ್ ಅಂದರೆ ಸೆಕೆಂಡಿಗೆ ಹೆಚ್ಚುಕಮ್ಮಿ 1.8 ಮೀಟರ್ ವೇಗ. 0.06 ಸೆಕೆಂಡ್‌ನಲ್ಲಿ ಸಾಗುವ ದೂರ ಸುಮಾರು 11 ಸೆಂಟಿಮೀಟರ್. ಅರ್ಧ ಗೇಣು. ನೊರೆಯೊಳಗಿನ ಅರ್ಧ ಗೇಣನ್ನು ಬರಿಗಣ್ಣಲ್ಲಿ ಅಳೆಯಿರಿ ಅಂತ ಆರು ಜನರನ್ನು ಕೂರಿಸಿದ್ದರು. ಅವರು ಸರಿಯಾಗಿ ಅರ್ಧರ್ಧ ಒಡೆದರು. ಬೇರೆ ಏನಾಗಲು ಸಾಧ್ಯವಿತ್ತು?

ಗಡಿಯಾರವನ್ನು ಎಷ್ಟು ನಂಬಬಹುದು

ಇಲ್ಲಿ ಇನ್ನೊಂದು ಕಡೆಯ ವಾದವನ್ನೂ ಕೇಳಬೇಕು. ಕೈಯಲ್ಲಿ ಹಿಡಿದ ಸ್ಟಾಪ್‌ವಾಚ್ ದೇವರೇನಲ್ಲ. ನಿಮ್ಮ ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ತೆಗೆದು ಸರಿಯಾಗಿ ಹತ್ತು ಸೆಕೆಂಡ್‌ಗೆ ನಿಲ್ಲಿಸಲು ನೋಡಿ. ಐದು ಸಲ ಮಾಡಿದರೆ ಐದು ಬೇರೆ ಉತ್ತರ. ಕಣ್ಣು ಕಂಡು, ಮಿದುಳಿಗೆ ಹೋಗಿ, ಹೆಬ್ಬೆರಳು ಒತ್ತುವಷ್ಟರಲ್ಲಿ ಸೆಕೆಂಡಿನ ಹತ್ತನೇ ಒಂದೆರಡು ಭಾಗ ಕಳೆದಿರುತ್ತದೆ. ಶುರುವಿನಲ್ಲಿ ಪಿಸ್ತೂಲಿನ ಸದ್ದಿಗೆ ಒತ್ತುವಾಗ ಒಂದು ತಡ. ಕೊನೆಯಲ್ಲಿ, ಕೈ ಗೋಡೆಗೆ ಬರುವುದು ಮೊದಲೇ ಕಾಣುವುದರಿಂದ, ಕೆಲವರು ತುಸು ಬೇಗನೇ ಒತ್ತಿಬಿಡುತ್ತಾರೆ. ಹಾಗಾಗಿ ‘ಗಡಿಯಾರ 0.1 ಸೆಕೆಂಡ್ ವ್ಯತ್ಯಾಸ ತೋರಿಸಿತು, ಮುಗಿಯಿತು’ ಅಂದರೆ ಅದು ಅವಸರದ ಮಾತು.

ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಮೂವರು ಒಂದು ಲೇನ್, ಇನ್ನೂ ಮೂವರು ಮತ್ತೊಂದು ಲೇನ್ ನೋಡುತ್ತಿದ್ದರು. ಅವರಿಗೆ ಪಕ್ಕದವರ ಜೊತೆ ಹೋಲಿಸುವ ಕೆಲಸವೇ ಇರಲಿಲ್ಲ. ಹಾಗಿದ್ದೂ ಲಾರ್ಸನ್ ಲೇನ್‌ನ ಅತಿ ನಿಧಾನದ ಗಡಿಯಾರ ಡೆವಿಟ್ ಲೇನ್‌ನ ಅತಿ ಚುರುಕಿನ ಗಡಿಯಾರಕ್ಕಿಂತ ಮುಂದಿತ್ತು. ಆರು ಬೆರಳುಗಳು ಒಂದೇ ಕಡೆ ವಾಲಿದ್ದವು. ಪಕ್ಕದಲ್ಲಿದ್ದ ಟೈಮರ್ ಕೂಡ ಅದೇ ಕಡೆ ವಾಲಿತ್ತು. ತೀರ್ಪುಗಾರರು ಮೂರು-ಮೂರು. ಒಂದು ತಟ್ಟೆ ಸಮ ನಿಂತಿದ್ದಾಗ ಇನ್ನೊಂದು ತಟ್ಟೆಯ ಕಡೆ ನೋಡುವುದಲ್ಲವೇ ಬುದ್ಧಿವಂತಿಕೆ?

ಹಾಗೆ ಆಗಲಿಲ್ಲ. ಮುಖ್ಯ ತೀರ್ಪುಗಾರ ರುನ್‌ಸ್ಟ್ರೋಮರ್ ಡೆವಿಟ್ ಗೆದ್ದರು ಅಂತ ಘೋಷಿಸಿದರು. ಆಗಿನ ನಿಯಮದಲ್ಲಿ ಮುಖ್ಯ ತೀರ್ಪುಗಾರರಿಗೆ ಹೀಗೆ ತಾವೇ ಒಂದು ಮತ ಹಾಕಿ ಬಿಕ್ಕಟ್ಟು ಬಿಡಿಸುವ ಅಧಿಕಾರ ಕೊಟ್ಟಿರಲಿಲ್ಲ ಅನ್ನುವುದೇ ಅಮೆರಿಕದವರ ಮುಖ್ಯ ತಕರಾರು.

ಆ ಮುಖ್ಯ ತೀರ್ಪುಗಾರರ ಜಾಗದಲ್ಲಿ ನಿಂತು ಯೋಚಿಸಿದರೆ ಕಷ್ಟ ಗೊತ್ತಾಗುತ್ತದೆ. ಸುತ್ತ ತುಂಬಿದ ಗ್ಯಾಲರಿ ಕೂಗುತ್ತಿದೆ. ಕೈಯಲ್ಲಿರುವ ಚೀಟಿಗಳು ಒಂದಕ್ಕೊಂದು ಹೊಂದುತ್ತಿಲ್ಲ. ಪದಕ ಕೊಡುವವರು ಹೆಸರಿಗಾಗಿ ಕಾಯುತ್ತಿದ್ದಾರೆ. ಯಾರಾದರೂ ಒಬ್ಬರು ಬಾಯಿ ಬಿಡಲೇಬೇಕು. ಆ ಒತ್ತಡದಲ್ಲಿ ಮೊದಲ ಸ್ಥಾನದ ಸಮಿತಿಯ ಬಹುಮತವನ್ನೇ ಹಿಡಿದರೆ ಅದಕ್ಕೊಂದು ತರ್ಕವಿದೆ. ಮೊದಲನೆಯವರು ಯಾರು ಅಂತ ನೋಡಲೆಂದೇ ಕೂತವರು ಹೇಳಿದ್ದು ತಾನೇ?

ಪೆನ್ನಿನ ಕೆಲಸ

ಇಷ್ಟಕ್ಕೇ ನಿಲ್ಲಿಸಿದ್ದರೆ ಇದೊಂದು ವಿವಾದಾತ್ಮಕ ತೀರ್ಪು ಆಗಿರುತ್ತಿತ್ತು. ಆದರೆ ಒಂದು ಸಮಸ್ಯೆ ಉಳಿದಿತ್ತು. ಫಲಿತಾಂಶದ ಹಾಳೆಯಲ್ಲಿ ಮೊದಲ ಸ್ಥಾನದವರ ಸಮಯ 55.2, ಎರಡನೇ ಸ್ಥಾನದವರದು 55.1 ಅಂತ ಬರೆದರೆ ಓದಿದವರು ನಗುತ್ತಾರೆ. ಲಾರ್ಸನ್‌ರ ಸಮಯವನ್ನು 55.2 ಅಂತ ತಿದ್ದಲಾಯಿತು.

ಇದು ಸಣ್ಣ ವಿಷಯ ಅಂತ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಆ ಮೂವರು ಟೈಮ್‌ಕೀಪರ್‌ಗಳಲ್ಲಿ ಒಬ್ಬರ ಕೈಯಲ್ಲೂ 55.2 ಇರಲಿಲ್ಲ. ಯಾವ ಗಡಿಯಾರದ ಮುಳ್ಳೂ ಲಾರ್ಸನ್‌ಗಾಗಿ ಆ ಅಂಕಿಯ ಮೇಲೆ ನಿಂತಿರಲಿಲ್ಲ. ಕಣ್ಣಿನ ತೀರ್ಪನ್ನು ಉಳಿಸಿಕೊಳ್ಳಲು ಗಡಿಯಾರದ ಸಾಕ್ಷಿಯನ್ನೇ ಅಳಿಸಿ ಬರೆದರು. ತೂಕ ಮಾಡಿ ಬೆಲೆ ಹೇಳುವುದು ಲೋಕರೂಢಿ. ಇಲ್ಲಿ ಬೆಲೆ ಹೇಳಿ ಆಮೇಲೆ ತೂಕ ಬರೆದರು.

ಅಮೆರಿಕ ತಂಡ ಮೇಲ್ಮನವಿ ಹಾಕಿತು. ಓಟದ ಕೊನೆಯ ಕ್ಷಣದ ಚಿತ್ರೀಕರಣ ಇತ್ತು. ಅದನ್ನು ನೋಡಿದರೆ ಲಾರ್ಸನ್ ಮೊದಲು ಮುಟ್ಟಿದ ಹಾಗೆ ಕಾಣುತ್ತದೆ ಅಂತ ವಾದಿಸಿದರು. ಮೇಲ್ಮನವಿ ಕೇಳಿದ ಸಮಿತಿಗೆ ಈಜು ಒಕ್ಕೂಟ ಫಿನಾದ ಆಗಿನ ಅಧ್ಯಕ್ಷರೇ ಮುಖ್ಯಸ್ಥರು. ಮನವಿ ತಿರಸ್ಕಾರವಾಯಿತು. ಅಮೆರಿಕದವರು ಆಮೇಲೂ ವರ್ಷಗಟ್ಟಲೆ ಬಿಡದೆ ಕೇಳಿದರು. ಏನೂ ಬದಲಾಗಲಿಲ್ಲ.

ಇದರ ಮಧ್ಯೆ ಡೆವಿಟ್‌ರ ಪಾಡು ಯೋಚಿಸಿ. ಅವರು ತಪ್ಪು ಮಾಡಿದ್ದೇನು? ಈಜಿದರು, ಮುಟ್ಟಿದರು, ಎದುರಾಳಿಗೆ ಅಭಿನಂದನೆ ಹೇಳಿದರು. ವಿಶ್ವದಾಖಲೆ ಇದ್ದ, ಚಿನ್ನಕ್ಕೆ ತಕ್ಕ ಈಜುಗಾರ. ಆದರೂ ಬದುಕಿಡೀ ಅವರ ಹೆಸರಿನ ಪಕ್ಕ ‘ಆದರೆ’ ಅನ್ನುವ ಮಾತೊಂದು ಅಂಟಿಕೊಂಡಿತು. ಪದಕ ಸಿಗದವರಷ್ಟೇ ಅನ್ಯಾಯ ಪದಕ ಸಿಕ್ಕವರಿಗೂ ಆಯಿತು ಅಂದರೆ ಜಾಸ್ತಿಯಾಗಲಾರದು.

ಲಾರ್ಸನ್ ರೋಮ್‌ನಿಂದ ಬರಿ ಬೆಳ್ಳಿಯೊಂದಿಗೆ ಹೋಗಲಿಲ್ಲ ಅನ್ನುವುದು ಸಮಾಧಾನ. ನಾಲ್ವರು ನಾಲ್ಕು ಬಗೆಯ ಈಜು ಈಜುವ 4x100 ಮೀಟರ್ ಮೆಡ್ಲೆ ರಿಲೇಯಲ್ಲಿ ಅವರು ತಮ್ಮದೇ ಬಟರ್‌ಫ್ಲೈ ಈಜಿದರು. ಕೊನೆಯ ಫ್ರೀಸ್ಟೈಲ್ ಈಜಿದವರು ಅದೇ ಜೆಫ್ ಫ್ಯಾರೆಲ್. ಅಮೆರಿಕ 4 ನಿಮಿಷ 5.4 ಸೆಕೆಂಡ್‌ನಲ್ಲಿ ವಿಶ್ವದಾಖಲೆ ಮಾಡಿತು. ಎರಡನೆಯದಾಗಿ ಬಂದ ಆಸ್ಟ್ರೇಲಿಯಾಕ್ಕೆ 4 ನಿಮಿಷ 12.0. ಆರು ಸೆಕೆಂಡ್‌ಗಿಂತ ಹೆಚ್ಚಿನ ಅಂತರ. ಅಲ್ಲಿ ಯಾವ ತೀರ್ಪುಗಾರರೂ ಕಣ್ಣು ಕಿರಿದು ಮಾಡಬೇಕಾಗಿ ಬರಲಿಲ್ಲ. ಕಂಚು ಗೆದ್ದ ಡಾಸ್ ಸ್ಯಾಂಟೋಸ್ ಮಾಡಿದ್ದಂತೂ ಇನ್ನೂ ಚೆಂದ. 1961ರ ಸೆಪ್ಟೆಂಬರ್‌ನಲ್ಲಿ ರಿಯೊದ ಕೊಳವೊಂದರಲ್ಲಿ ಒಬ್ಬರೇ ಈಜಿ ನೂರು ಮೀಟರ್‌ನಲ್ಲಿ 53.6ರ ವಿಶ್ವದಾಖಲೆ ಮಾಡಿದರು. ಡೆವಿಟ್‌ರ ದಾಖಲೆಗಿಂತ ಪೂರ್ತಿ ಒಂದು ಸೆಕೆಂಡ್ ಕಡಿಮೆ. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಯಾರು ಮೊದಲು ಅನ್ನುವ ಜಗಳವೂ ಇಲ್ಲ.

ಕಣ್ಣಿನಿಂದ ಫಲಕಕ್ಕೆ

ರೋಮ್‌ನ ಬಿಸಿ ಮುಂದಿನ ಒಲಿಂಪಿಕ್ಸ್‌ಗೇ ತಟ್ಟಿತು. 1964ರ ಟೋಕಿಯೊದಲ್ಲಿ ಇದೇ ನೂರು ಮೀಟರ್ ಫೈನಲ್, ಈ ಸಲ ಕಂಚಿಗಾಗಿ ಜಗಳ. ಜರ್ಮನಿಯ ಹಾನ್ಸ್-ಯೋಆಖಿಮ್ ಕ್ಲೈನ್ ಮತ್ತು ಅಮೆರಿಕದ ಗ್ಯಾರಿ ಇಲ್ಮನ್ ಇಬ್ಬರಿಗೂ 54.0. ಈ ಬಾರಿ ಎಲೆಕ್ಟ್ರಾನಿಕ್ ಗಡಿಯಾರದ ಮಾತು ಕೇಳಿದರು. ಸೆಕೆಂಡಿನ ಸಾವಿರದ ಒಂದು ಭಾಗದ ಅಂತರದಲ್ಲಿ ಕ್ಲೈನ್‌ಗೆ ಕಂಚು ಹೋಯಿತು. ನಾಲ್ಕು ವರ್ಷದ ಹಿಂದೆ ನೂರರ ಆರು ಭಾಗವನ್ನು ಕಡೆಗಣಿಸಿದ್ದ ಆಟ ಈಗ ಸಾವಿರದ ಒಂದು ಭಾಗಕ್ಕೆ ಪದಕ ಕೊಟ್ಟಿತು!

ಆಮೇಲೆ ಬಂತು ಟಚ್‌ಪ್ಯಾಡ್. 1967ರ ವಿನ್ನಿಪೆಗ್ ಪ್ಯಾನ್ ಅಮೆರಿಕನ್ ಕ್ರೀಡಾಕೂಟದಲ್ಲಿ ಒಮೆಗಾ ಕಂಪನಿಯ ಫಲಕಗಳು ಗೋಡೆಗೆ ಬಂದವು, ಮರುವರ್ಷ ಮೆಕ್ಸಿಕೊ ಒಲಿಂಪಿಕ್ಸ್‌ಗೆ. ಉಪಾಯ ಸರಳ. ಗೋಡೆಯ ಮೇಲೆ ಅಗಲವಾದ ತೆಳು ಫಲಕ, ಅರ್ಧ ನೀರೊಳಗೆ ಇಳಿದಿರುವಂಥದ್ದು. ಅಲೆ ಬಡಿದರೆ ಸುಮ್ಮನಿರುತ್ತದೆ, ಕೈ ಒತ್ತಿದರೆ ಗಡಿಯಾರ ನಿಲ್ಲುತ್ತದೆ. ನೋಡುವ ಕಣ್ಣು, ಒತ್ತುವ ಹೆಬ್ಬೆರಳು ಎರಡೂ ಮಧ್ಯದಿಂದ ಹೊರಗೆ ಹೋದವು. ತನ್ನ ಸಮಯವನ್ನು ಈಜುಗಾರನ ಕೈಯೇ ಬರೆಯತೊಡಗಿತು.

ಯಂತ್ರ ಬಂದ ಮೇಲೆ ಇನ್ನೊಂದು ಅತಿಯೂ ಆಯಿತು. 1972ರ ಮ್ಯೂನಿಕ್‌ನಲ್ಲಿ 400 ಮೀಟರ್ ವೈಯಕ್ತಿಕ ಮೆಡ್ಲೆಯಲ್ಲಿ ಸ್ವೀಡನ್‌ನ ಗುನ್ನಾರ್ ಲಾರ್ಸನ್ (ಹೆಸರು ಮಾತ್ರ ಒಂದೇ ಥರ, ಸಂಬಂಧವಿಲ್ಲ) ಅಮೆರಿಕದ ಟಿಮ್ ಮೆಕೀ ಅವರನ್ನು 0.002 ಸೆಕೆಂಡ್‌ನಲ್ಲಿ ಸೋಲಿಸಿದರು. 400 ಮೀಟರ್ ಈಜಿದ ಮೇಲೆ ಸುಮಾರು ಮೂರು ಮಿಲಿಮೀಟರ್! ಆಗ ಯಾರಿಗೋ ಸರಿಯಾದ ಅನುಮಾನ ಬಂತು. ಕೊಳದ ಗೋಡೆ ಕಟ್ಟಿದ್ದು ಕಾಂಕ್ರೀಟ್‌ನಲ್ಲಿ. ಒಂದು ಲೇನ್‌ಗೂ ಪಕ್ಕದ ಲೇನ್‌ಗೂ ಉದ್ದದಲ್ಲಿ ಮೂರು ಮಿಲಿಮೀಟರ್ ವ್ಯತ್ಯಾಸ ಇರಲಾರದು ಅಂತ ಯಾರು ಆಣೆ ಮಾಡುತ್ತಾರೆ? ಆಮೇಲೆ ನೂರನೇ ಒಂದು ಭಾಗಕ್ಕೇ ನಿಲ್ಲಿಸಿದರು. ಅಲ್ಲಿಯವರೆಗೂ ಸಮ ಇದ್ದರೆ ಇಬ್ಬರಿಗೂ ಒಂದೇ ಸ್ಥಾನ, ಒಂದೇ ಪದಕ.

ಆ ನಿಯಮ ಪುರುಷರ ಸ್ಪ್ರಿಂಟ್‌ನಲ್ಲಿ ಚಿನ್ನಕ್ಕೆ ಬಂದು ನಿಂತಿದ್ದು 2000ದ ಸಿಡ್ನಿಯಲ್ಲಿ. ಐವತ್ತು ಮೀಟರ್ ಫ್ರೀಸ್ಟೈಲ್ ಫೈನಲ್‌ನಲ್ಲಿ ಅಮೆರಿಕದ ಗ್ಯಾರಿ ಹಾಲ್ ಜೂನಿಯರ್ ಮತ್ತು ಆಂಟನಿ ಅರ್ವಿನ್ ಇಬ್ಬರ ಫಲಕವೂ 21.98 ತೋರಿಸಿತು. ಒಂದೇ ತಂಡ, ಒಂದೇ ಅಭ್ಯಾಸದ ಕೊಳ, ಒಂದೇ ಸಮಯ. ಎರಡು ಚಿನ್ನ ಕೊಟ್ಟರು. ಯಾರೂ ತಕರಾರು ಮಾಡಲಿಲ್ಲ, ಹಾಳೆಯ ಮೇಲೆ ಯಾರೂ ಪೆನ್ನಾಡಿಸಲಿಲ್ಲ. ಅದೇ ಅರ್ವಿನ್ 2016ರ ರಿಯೊದಲ್ಲಿ, 35ನೇ ವಯಸ್ಸಿನಲ್ಲಿ, ಫ್ರಾನ್ಸ್‌ನ ಫ್ಲೋರೆಂಟ್ ಮನಾಡು ಅವರನ್ನು 21.40ಕ್ಕೆ 21.41ರ ಅಂತರದಲ್ಲಿ ಸೋಲಿಸಿ ಮತ್ತೆ ಚಿನ್ನ ಗೆದ್ದರು. ರೋಮ್‌ನಲ್ಲಿ ಜಗಳವಾದ ಅಂತರದ ಆರನೇ ಒಂದು ಭಾಗ. ಗೆದ್ದವರು ಯಾರು ಅಂತ ಯಾರೂ ಎರಡನೇ ಸಲ ಕೇಳಲಿಲ್ಲ.

ಡೆವಿಟ್ 2023ರ ಆಗಸ್ಟ್‌ನಲ್ಲಿ ತೀರಿಕೊಂಡರು. ಲಾರ್ಸನ್ 2024ರ ಜನವರಿಯಲ್ಲಿ. ಇಬ್ಬರ ನಡುವೆ ಅಲ್ಲೂ ಕೆಲವೇ ತಿಂಗಳ ಅಂತರ. ಲಾರ್ಸನ್ ಈಜು ಬಿಟ್ಟ ಮೇಲೆ ಹಲ್ಲಿನ ವೈದ್ಯರಾಗಿದ್ದರು. ಡೆವಿಟ್ ಆಸ್ಟ್ರೇಲಿಯಾದ ಈಜು ಆಡಳಿತದಲ್ಲಿ ಕೆಲಸ ಮಾಡಿದರು. ಅಧಿಕೃತ ಫಲಿತಾಂಶ ಬದಲಾಗಲೇ ಇಲ್ಲ. ಇವತ್ತು ಆ ಪಟ್ಟಿ ತೆಗೆದರೆ ಮೊದಲ ಸಾಲಿನಲ್ಲಿ ಡೆವಿಟ್, 55.2. ಎರಡನೇ ಸಾಲಿನಲ್ಲಿ ಲಾರ್ಸನ್, 55.2.

ಪೆನ್ನು ತಿದ್ದಿ ಬರೆದ ಆ ಅಂಕಿಯನ್ನೇ ಇವತ್ತಿನ ನಿಯಮದವರ ಕೈಗೆ ಕೊಟ್ಟರೆ ಅವರು ಎರಡು ಚಿನ್ನದ ಪದಕ ತರಿಸುತ್ತಾರೆ.